ಕೆಂಪು ಬೆಳಕಿಗೆ ಸಿಕ್ಕ ಪೇಟಿ ಮಾಸ್ತರು

ಹಳೆ ಸ್ಟುಡಿಯೋ ನೆಗೆಟಿವ್ ಮೇಲೆ ರಿಟಚ್ ಮಾಡುವವರು, ಅಂದರೆ ಚಿತ್ರ ತಿದ್ದುವವರು, ಬಳಿದ ಕೆಂಪು ಬಣ್ಣದ ಹಿಂದೆ ಅಡಗಿರುವ ಚಿತ್ರವನ್ನು, ಆ ಬಣ್ಣ ಮುಟ್ಟದೆಯೇ ಹೊರಗೆ ತೆಗೆಯಬಹುದು. ನಾನು ತೆಗೆದಿದ್ದೇನೆ. ನೆಗೆಟಿವ್ ಕಾಪಿ ಮಾಡುವ ಗೆಳೆಯರಲ್ಲಿ ಈ ಮಾತು ಎತ್ತಿದಾಗೆಲ್ಲ "ಅದು ಹೋದ ಮಾಲು, ಬಿಡ್ರಿ" ಎಂದವರೇ ಹೆಚ್ಚು. ಆಯುಷ್ಯವೆಲ್ಲ ಡಾರ್ಕ್ ರೂಮಿನಲ್ಲಿ ಕಳೆದ ಹಿರಿಯ ಫೋಟೋಗ್ರಾಫರೊಬ್ಬರು "ಪ್ರಿಂಟಿನಾಗ ಬರದ್ದು ನೆಗೆಟಿವಿನಾಗೂ ಇರೂದಿಲ್ಲ ತಮ್ಮಾ" ಎಂದು ಮಾತು ಮುಗಿಸಿಬಿಟ್ಟಿದ್ದರು. ಈಚೆಗೆ ಅವರ ಕೈಗೇ ಎರಡು ಪ್ರಿಂಟ್ ಕೊಟ್ಟೆ. ಎರಡೂ ಒಂದೇ ನೆಗೆಟಿವಿನವು. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. "ಹೆಂಗ ಮಾಡಿದಿ ಬರದು ಕೊಡು" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಕಾಪಿ ಸ್ಟ್ಯಾಂಡ್ ಲೆವೆಲ್ ಮಾಡುವುದು, ಮ್ಯಾಕ್ರೋ ಲೆನ್ಸ್ ಆರಿಸುವುದು, ಕಪ್ಪು ಬಿಳುಪು ಅದಲುಬದಲಾದ ನೆಗೆಟಿವನ್ನು ಪಾಸಿಟಿವ್ ಮಾಡುವುದು ಇವೆಲ್ಲ ಓದುವವರಿಗೆ ಬರುತ್ತದೆ ಎಂದುಕೊಂಡಿದ್ದೇನೆ. ಅದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ನನ್ನ ಹುಚ್ಚು 60ರ ದಶಕದ ಕಂಪನಿ ನಾಟಕ. ಹಾಡು ಇಲ್ಲದೆ ಪಾತ್ರ ರಂಗಕ್ಕೆ ಕಾಲಿಡದ, ಒಂದೇ ಹಾಡಿಗೆ ನಾಲ್ಕು ಸಲ ಒನ್ಸ್ ಮೋರ್ ಬೀಳುತ್ತಿದ್ದ ನಾಟಕ. ಆಗಿನ ಕನ್ನಡ ಸಿನಿಮಾದ ದೊಡ್ಡ ಮುಖಗಳೆಲ್ಲ ಆ ಪರದೆಯ ಹಿಂದಿನಿಂದಲೇ ಬಂದವು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು. 60ರ ಹೊತ್ತಿಗೆ ಸಿನಿಮಾ ಆ ಸಾಲವನ್ನು ತಿರುಗಿ ಕೊಡಲು ಶುರು ಮಾಡಿತ್ತು. ಸಾಮಾಜಿಕ ನಾಟಕದ ನಾಯಕಿ ಪರದೆಯ ಮೇಲಿನ ತಾರೆಯ ಹಾಗೆ ತಲೆಗೂದಲು ಎತ್ತಿ ಪಫ್ ಕಟ್ಟಿದಳು, ಕಣ್ಣಿನ ಕಾಡಿಗೆಯನ್ನು ಕಿವಿಯ ಕಡೆಗೆ ಎಳೆದಳು. ನಾಯಕ ಬಿಗಿ ಪ್ಯಾಂಟ್ ತೊಟ್ಟು ಶಮ್ಮಿ ಕಪೂರ್ ಥರ ಕತ್ತು ಓರೆ ಮಾಡಿದ. ದರ್ಬಾರ್ ಪರದೆಯ ಮುಂದೆ ಒಬ್ಬ ಗಿಟಾರ್ ಹಿಡಿದು ಟ್ವಿಸ್ಟ್ ಮಾಡುತ್ತಿರುವ ನೆಗೆಟಿವ್ ನನ್ನ ಹತ್ತಿರ ಇದೆ. ಹಿಂದೆ ಕಲ್ಲಿನ ಕಂಬ, ಆನೆಯ ಸೊಂಡಿಲು, ಸಿಂಹಾಸನ, ಮುಂದೆ ಚೂಪು ಬೂಟು. ಆ ರಾತ್ರಿ ಬೀದಿ ಪರದೆ ಸಿಕ್ಕಿರಲಿಲ್ಲವೋ, ಹರಿದಿತ್ತೋ. ಆ ಒಂದು ಚಿತ್ರದಲ್ಲಿ ಆ ಕಾಲದ ರುಚಿಯೆಲ್ಲ ಇದೆ ಎಂದು ನನಗೆ ಅನಿಸುತ್ತದೆ. ಅದಕ್ಕೇ ಇದನ್ನು ಬಿಡಲಾಗಲಿಲ್ಲ.

ಮಾಲು ಸಿಕ್ಕಿದ್ದು ಗುಜರಿಯಲ್ಲಿ. ಗದಗದ ಆಚೆ ಮುಚ್ಚಿಹೋದ ಒಂದು ಸ್ಟುಡಿಯೋದ ಸಾಮಾನು. ನೆಗೆಟಿವಿನಿಂದ ಬೆಳ್ಳಿ ತೆಗೆಯುವವರಿಗೆ ಮಾರಲೆಂದು ತೂಕಕ್ಕೆ ಇಟ್ಟಿದ್ದರು. ಕಿಲೋಗೆ ಇನ್ನೂರೈವತ್ತರ ಆಸುಪಾಸು ಕೊಟ್ಟೆ ಎಂದು ನೆನಪು. ಎರಡು ಚೀಲದ ಮೇಲೆ ಸ್ವಲ್ಪ. ಕ್ವಾರ್ಟರ್ ಪ್ಲೇಟು, ಅದಕ್ಕಿಂತ ದೊಡ್ಡ ಅಳತೆಯ ಹಾಫ್ ಪ್ಲೇಟು, 120 ಅಳತೆಯ ರೋಲ್ ಫಿಲ್ಮ್ ಕತ್ತರಿಸಿದವು, ಒಂದಿಷ್ಟು ಗಾಜಿನವು. ಮದುವೆ, ಸತ್ತವರ ಫೋಟೋ, ಪಾಸ್‌ಪೋರ್ಟ್ ಎಲ್ಲದರ ನಡುವೆ ನಾಟಕದವರ ಲಕೋಟೆಗಳು ಬೇರೆಯೇ ಕಾಣುತ್ತಿದ್ದವು. ಮೇಲೆ ಪೆನ್ಸಿಲಿನಲ್ಲಿ ಕಂಪನಿಯ ಕ್ಯಾಂಪಿನ ಊರು, ಅದರ ಕೆಳಗೆ "ಬ್ಲಾಕಿಗೆ" ಎಂಬ ಒಂದು ಶಬ್ದ.

ಇಡೀ ಕಥೆ ಆ "ಬ್ಲಾಕಿಗೆ" ಎಂಬುದರಲ್ಲೇ ಇದೆ. ಹ್ಯಾಂಡ್‌ಬಿಲ್ ಅಚ್ಚು ಹಾಕುವ ಪ್ರೆಸ್ಸಿಗೆ ಚಿತ್ರ ಒತ್ತುವ ಸತುವಿನ ಅಚ್ಚು, ಅಂದರೆ ಬ್ಲಾಕ್ ಬೇಕು. ಬ್ಲಾಕಿಗೆ ಪಾತ್ರಧಾರಿ ಒಬ್ಬರೇ ಬೇಕು, ಸುತ್ತ ಬಿಳಿ. ಅದಕ್ಕೆ ಸ್ಟುಡಿಯೋದ ರಿಟಚ್ ಮಾಡುವವರು ಸಣ್ಣ ಬ್ರಷ್ ಹಿಡಿದು ಪಾತ್ರದ ಅಂಚಿನ ಗುಂಟ ನೆಗೆಟಿವ್ ಮೇಲೆ ಕೆಂಪು ಬಣ್ಣ ಎಳೆದು, ಹೊರಗಿನದನ್ನೆಲ್ಲ ತುಂಬಿಬಿಡುತ್ತಿದ್ದರು. ಪ್ರಿಂಟ್ ಹಾಕುವ ಬ್ರೋಮೈಡ್ ಪೇಪರಿಗೆ ಕೆಂಪು ಬೆಳಕು ಕಾಣುವುದಿಲ್ಲ, ನೀಲಿ ಮಾತ್ರ ಕಾಣುತ್ತದೆ. ಕೆಂಪು ಬಣ್ಣ ನೀಲಿಯನ್ನು ತಡೆಯುತ್ತದೆ, ಅಷ್ಟು ಜಾಗ ಪ್ರಿಂಟಿನಲ್ಲಿ ಬಿಳಿಯಾಗಿ ಉಳಿಯುತ್ತದೆ. ನಾಯಕಿ ಉಳಿದಳು. ಅವಳ ಹಿಂದಿನ ಪರದೆ, ಸೈಡ್ ವಿಂಗು, ಪೇಟಿ (ಹಾರ್ಮೋನಿಯಂ), ತಬಲಾ, ಪೆಟ್ರೋಮ್ಯಾಕ್ಸು ಎಲ್ಲ ಹೋಯಿತು. ನನಗೆ ಬೇಕಾಗಿದ್ದು ಆ ಹೋದದ್ದು. ನಾಯಕಿಯ ಮುಖ ಹ್ಯಾಂಡ್‌ಬಿಲ್ಲಿನಲ್ಲೂ ಸಿಗುತ್ತದೆ. ನಾಟಕ ಮಾತ್ರ ಆ ಕೆಂಪಿನ ಕೆಳಗೆ ಸಿಕ್ಕಿಕೊಂಡಿತ್ತು.

ಮೊದಲು ದುಡ್ಡು ಕೊಟ್ಟು ಮಾಡಿಸೋಣ ಎಂದೇ ಹೊರಟೆ. ದೊಡ್ಡ ಊರಿನ ಒಂದು ಲ್ಯಾಬಿಗೆ ಒಂದು ಕಟ್ಟು ಕಳಿಸಿದೆ. ನೆಗೆಟಿವ್ ಒಂದಕ್ಕೆ ನೂರೈವತ್ತರ ಹತ್ತಿರ. ತಿಂಗಳ ಮೇಲೆ ಬಂದ ಫೈಲ್‌ಗಳಲ್ಲಿ ಪಾತ್ರದ ಸುತ್ತ ಬರೀ ಬಿಳಿ. ಕಪ್ಪು ಬಿಳುಪು ನೆಗೆಟಿವ್ ಎಂದು ಬಣ್ಣ ಬಿಟ್ಟು ಗ್ರೇಸ್ಕೇಲಿನಲ್ಲೇ ಸ್ಕ್ಯಾನ್ ಮಾಡಿದ್ದರು. ಕೇಳಿದರೆ "ಹಿಂದೆ ಏನೂ ಇಲ್ಲ ಸರ್, ಪೇಂಟ್ ಇದೆ. ಬೇಕಿದ್ದರೆ ತೊಳೆದು ಮಾಡಿಕೊಡ್ತೇವೆ" ಎಂದರು. ತೊಳೆಯುವ ಮಾತು ಕೇಳಿಯೇ ಎಲ್ಲ ವಾಪಸ್ ತರಿಸಿಕೊಂಡೆ. ಆ ಕೆಂಪು ಬಣ್ಣ ಒಂದು ಡೈ, ನೀರಿನಲ್ಲಿ ಕರಗುತ್ತದೆ, ನಿಜ. ಆದರೆ ಬೂಷ್ಟು ಹಿಡಿದ ಎಮಲ್ಷನ್, ಅಂದರೆ ಚಿತ್ರ ಇರುವ ಪದರ ಕೂಡ ನೀರಿನಲ್ಲಿ ಕರಗುತ್ತದೆ. ಡೈ ಜೊತೆ ನಾಯಕಿಯ ಅರ್ಧ ಮುಖವೂ ತೊಟ್ಟಿಗೆ ಹೋಗುತ್ತದೆ. ಮೇಲಾಗಿ, ಯಾವನೋ ಒಬ್ಬ ಕಲಾವಿದ ಲ್ಯಾಂಪಿನ ಮುಂದೆ ಬಗ್ಗಿ ಕುಳಿತು, ಮುಡಿಯ ಒಂದೊಂದು ಎಳೆಯ ಗುಂಟ ಬ್ರಷ್ ಓಡಿಸಿದ ಕೆಲಸ ಅದು. ಅದನ್ನು ಅಳಿಸುವ ಹಕ್ಕು ನನಗಿಲ್ಲ.

ಆಮೇಲೆ ಫ್ಲಾಟ್‌ಬೆಡ್ ಸ್ಕ್ಯಾನರ್ ಕೊಂಡೆ. ಇಪ್ಪತ್ತೆಂಟು ಸಾವಿರದ ಮೇಲೆ. 48 ಬಿಟ್ ಕಲರ್‌ನಲ್ಲಿ ಸ್ಕ್ಯಾನ್ ಮಾಡಿ ಕೆಂಪು ಚಾನೆಲ್, ಅಂದರೆ ಚಿತ್ರದ ಕೆಂಪು ಭಾಗವನ್ನಷ್ಟೇ ಬೇರೆ ಮಾಡಿದಾಗ ಮೊದಲ ಸಲ ಹಿಂದೆ ಏನೋ ಇದೆ ಎಂದು ಗೊತ್ತಾಯಿತು. ಒಂದು ಕಂಬದ ನೆರಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಬರೀ ನೆರಳು. ಬಿಳಿ ದೀಪದ ಸ್ಕ್ಯಾನರಿನಲ್ಲಿ ಕೆಂಪು ಚಾನೆಲ್ಲಿಗೆ ಪಕ್ಕದ ಕಿತ್ತಳೆ, ಹಳದಿ, ಒಂದಿಷ್ಟು ಹಸಿರು ಸಹ ನುಗ್ಗುತ್ತದೆ. ಡೈ ಅದನ್ನೆಲ್ಲ ತಡೆಯುತ್ತದೆ, ಹಾಗಾಗಿ ಬ್ರಷ್ಷಿನ ಗೆರೆಗಳು ಚಿತ್ರದ ಮೇಲೆ ಹಾಗೇ ಕೂತಿರುತ್ತವೆ. ಜೊತೆಗೆ ಫಿಲ್ಮ್ ಗಾಜಿಗೆ ತಾಗಿದಲ್ಲಿ ಮೂಡುವ ನ್ಯೂಟನ್ ಉಂಗುರಗಳು. ಸೊಟ್ಟಗಾದ ಶೀಟ್ ಫಿಲ್ಮನ್ನು ಗಾಜಿಗೆ ಒತ್ತಿದರೆ ಉಂಗುರ ತಪ್ಪದು, ಎತ್ತಿದರೆ ಫೋಕಸ್ ಸಿಗದು. ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ತೆಗೆಯುವ ಸ್ಕ್ಯಾನರಿನ ಸೌಲಭ್ಯ ಬೆಳ್ಳಿಯಿಂದ ಚಿತ್ರ ಮೂಡುವ ಈ ಕಪ್ಪು ಬಿಳುಪು ಫಿಲ್ಮಿಗೆ ಉಪಯೋಗವಿಲ್ಲ. ವರ್ಷ ಕಳೆಯುವುದರೊಳಗೆ ಸ್ಕ್ಯಾನರನ್ನು ಹದಿನೈದಕ್ಕೆ ಮಾರಿದೆ. ಆದರೂ ಆ ಕಂಬದ ನೆರಳು ತೋರಿಸಿದ್ದು ಅದೇ.

ಬೆಳಕೇ ಕೆಂಪಾಗಿದ್ದರೆ ಬೇರೆ ಯಾವ ಬಣ್ಣವೂ ನುಗ್ಗುವುದಿಲ್ಲವಲ್ಲ ಎಂದು ಹೊಳೆದ ಮೇಲೆ ದಾರಿ ಸ್ಪಷ್ಟವಾಯಿತು. ಸ್ಪಷ್ಟವಾಗಿದ್ದು ದಾರಿ ಮಾತ್ರ, ಕೆಲಸ ಅಲ್ಲ. ನಾಟಕದ ಲೈಟಿನವರ ಹತ್ತಿರ ಕೆಂಪು ಜಿಲೆಟಿನ್ ಹಾಳೆ ತಂದು ಬಿಳಿ ಎಲ್‌ಇಡಿ ಪ್ಯಾನೆಲ್ ಮೇಲೆ ಹಾಸಿದೆ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಗಾಢ ಕೆಂಪು ಬಹಳ ಕಡಿಮೆ, ಹಾಳೆ ಹಾಕಿದ ಮೇಲೆ ಉಳಿದದ್ದು ಮಂಕು ಕಿತ್ತಳೆ. ಎರಡು ಪದರ ಹಾಕಿದರೆ ಕತ್ತಲೆ. ಆಮೇಲೆ ಡಾರ್ಕ್ ರೂಮಿನ ಹಳೆ ಕೆಂಪು ಬಲ್ಬನ್ನೇ ಓಪಲ್, ಅಂದರೆ ಹಾಲಿನ ಬಣ್ಣದ, ಅಕ್ರಿಲಿಕ್ ಹಾಳೆಯ ಕೆಳಗೆ ಇಟ್ಟೆ. ಚಿತ್ರ ಬಂತು! ಪರದೆಯ ಮೇಲಿನ ಬಳ್ಳಿ, ಅದರ ಎಲೆ, ಎಲೆಯ ನರದವರೆಗೆ. ಆದರೆ ನಡುವೆ ಬೆಳಕು, ಮೂಲೆಯಲ್ಲಿ ಕತ್ತಲೆ. ಬಲ್ಬಿನ ಕಾವಿಗೆ ಫಿಲ್ಮ್ ಕಣ್ಣೆದುರೇ ಸುರುಳಿ ಸುತ್ತುತ್ತಿತ್ತು. ತಾಸಿಗೆ ಒಂದು ನೆಗೆಟಿವ್ ಆದರೆ ಹೆಚ್ಚು. ಅದನ್ನು ನೋಡಿಯೂ ನನ್ನ ಗೆಳೆಯರು "ಒಂದು ಆಯ್ತು, ಎಲ್ಲಾ ಆಗೂದಿಲ್ಲ" ಎಂದೇ ಹೇಳಿದರು.

ಎಲ್ಲ ಸರಿಹೋಗಿದ್ದು ವಿಡಿಯೋ ಮಾಡುವ ಹುಡುಗರು ಬಳಸುವ, ಕೆಂಪು, ಹಸಿರು, ನೀಲಿ ಎಲ್‌ಇಡಿ ಇರುವ ಆರ್‌ಜಿಬಿ ಪ್ಯಾನೆಲಿನಿಂದ. ಮೂರೂವರೆ ಸಾವಿರ ಇರಬೇಕು. ಅದನ್ನು ಬಿಳಿಯಲ್ಲಿಡದೆ, ಹ್ಯೂ (ಬಣ್ಣ) ಸೊನ್ನೆ, ಸ್ಯಾಚುರೇಷನ್ (ಬಣ್ಣದ ಗಾಢತೆ) ನೂರಕ್ಕೆ ಇಟ್ಟರೆ ಕೆಂಪು ಎಲ್‌ಇಡಿ ಮಾತ್ರ ಉರಿಯುತ್ತದೆ. 620, 630 ನ್ಯಾನೋಮೀಟರ್ ಆಸುಪಾಸಿನ ಕಿರಿದಾದ ಕೆಂಪು. ಕೊಳ್ಳುವಾಗ ಒಂದು ನೋಡಿ: ಕೆಲವು ಪ್ಯಾನೆಲ್‌ಗಳು ಕೆಂಪು ಮೋಡಿನಲ್ಲೂ ಬಿಳಿ ಎಲ್‌ಇಡಿಯನ್ನು ಸಣ್ಣಗೆ ಉರಿಸುತ್ತವೆ. ಅಂಗಡಿಯಲ್ಲೇ ಹಳೆ ಸಿಡಿ ಒಂದನ್ನು ಓರೆ ಹಿಡಿದು ಪ್ರತಿಬಿಂಬ ನೋಡಿದರೆ ಗೊತ್ತಾಗುತ್ತದೆ. ಕೆಂಪು ಪಟ್ಟೆಯ ಪಕ್ಕ ಹಸಿರು ಕಂಡರೆ ಬಿಟ್ಟು ಬನ್ನಿ. ಪ್ಯಾನೆಲ್ ಮೇಲೆ ಮೂರು ನಾಲ್ಕು ಇಂಚು ಎತ್ತರದಲ್ಲಿ ಓಪಲ್ ಅಕ್ರಿಲಿಕ್, ಅದರ ಮೇಲೆ ಸುತ್ತಲಿನ ಬೆಳಕು ತಡೆಯುವ ಮಾಸ್ಕ್, ಮಾಸ್ಕಿನ ಮೇಲೆ ನೆಗೆಟಿವ್.

ನನ್ನ ಸ್ಟ್ಯಾಂಡು ನೆಗೆಟಿವ್ ಹಿಗ್ಗಿಸಿ ಪ್ರಿಂಟ್ ಹಾಕುವ ಹಳೆ ಎನ್‌ಲಾರ್ಜರಿನ ಕಂಬ. ಅದೇ ಗುಜರಿಯಲ್ಲಿ ಎಂಟುನೂರಕ್ಕೆ ಸಿಕ್ಕಿತು. ಕ್ಯಾಮೆರಾ ಬಾಡಿ ನಿಕಾನ್ ಡಿ750, ಲೆನ್ಸ್ ಹಳೆಯ 55 ಎಂಎಂ ಮೈಕ್ರೋ ನಿಕ್ಕೋರ್, ಸೆಕೆಂಡ್‌ಹ್ಯಾಂಡ್ ಒಂಬತ್ತೋ ಹತ್ತೋ ಸಾವಿರ. ಅದು ವಸ್ತುವಿನ ಅರ್ಧ ಸೈಜಿನ ಚಿತ್ರದವರೆಗೆ ಮಾತ್ರ ಹೋಗುತ್ತದೆ, ನಮ್ಮ ನೆಗೆಟಿವ್‌ಗಳಿಗೆ ಅಷ್ಟು ಸಾಕು. 6×6 ಸೆಂಟಿಮೀಟರ್ ನೆಗೆಟಿವ್ ಈ ಕ್ಯಾಮೆರಾದ ಫುಲ್ ಫ್ರೇಮ್ ಸೆನ್ಸರಿನಲ್ಲಿ ಸರಿಯಾಗಿ ಕೂರುತ್ತದೆ. ಎಫ್ 8, ಐಎಸ್‌ಒ 100. ಕೆಂಪು ಬೆಳಕು ಮಂಕಾದ್ದರಿಂದ ಎಕ್ಸ್‌ಪೋಷರ್ ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿನವರೆಗೆ ಓಡುತ್ತದೆ. ನಮ್ಮ ಮನೆ ಮುಂದೆ ಲಾರಿ ಹೋದರೂ ಚಿತ್ರ ನಡುಗುತ್ತದೆ. ಹಾಗಾಗಿ ರಾತ್ರಿ ಹನ್ನೊಂದರ ಮೇಲೆಯೇ ಕೆಲಸ, ಫ್ಯಾನ್ ಬಂದ್, ಮಿರರ್ ಮೇಲೆತ್ತಿ, ರಿಮೋಟ್.

ಇಲ್ಲಿ ಎಲ್ಲರೂ ಎಡವುವ ಜಾಗ ಎರಡಿವೆ. ಮೊದಲನೆಯದು ಫೋಕಸ್. ಬಿಳಿ ಬೆಳಕಿನಲ್ಲಿ ಫೋಕಸ್ ಮಾಡಿ ಕೆಂಪಿಗೆ ತಿರುಗಿಸಿದರೆ ಚಿತ್ರ ಮೆತ್ತಗಾಗುತ್ತದೆ. ಬಹಳಷ್ಟು ಲೆನ್ಸುಗಳು ಕೆಂಪನ್ನು ಸ್ವಲ್ಪ ಬೇರೆ ಕಡೆ ಕೂಡಿಸುತ್ತವೆ. ಕೆಂಪಿನಲ್ಲೇ ಕ್ಯಾಮೆರಾ ಪರದೆಯ ಲೈವ್ ವ್ಯೂ ಹಿಗ್ಗಿಸಿ, ಚಿತ್ರದ ಮೇಲೆ ಅಲ್ಲ, ಮುಖ ತಿದ್ದಲು ಎಳೆದ ರಿಟಚ್ ಪೆನ್ಸಿಲಿನ ಗೀರಿನ ಮೇಲೆ ಫೋಕಸ್ ಮಾಡಿ. ಆ ಗೀರು ಎಮಲ್ಷನ್ ಕಡೆಯೇ ಇರುತ್ತದೆ, ಚೂಪಾಗಿರುತ್ತದೆ, ನಾಯಕಿಯ ಕೆನ್ನೆಯ ಮೇಲೆ ಖಂಡಿತ ಸಿಗುತ್ತದೆ. ಎರಡನೆಯದು ಹಿಸ್ಟೋಗ್ರಾಮ್, ಚಿತ್ರದಲ್ಲಿ ಬೆಳಕು ಎಷ್ಟು, ಕತ್ತಲೆ ಎಷ್ಟು ಎಂದು ತೋರಿಸುವ ಗ್ರಾಫ್. ಕ್ಯಾಮೆರಾ ತೋರಿಸುವ ಬಿಳಿ ಹಿಸ್ಟೋಗ್ರಾಮ್ ನೋಡಿದರೆ ಇನ್ನೂ ಜಾಗ ಇದೆ ಅನಿಸುತ್ತದೆ, ಅಷ್ಟರಲ್ಲಿ ಕೆಂಪು ಚಾನೆಲ್ ಬೆಳಕು ಮಿತಿ ಮೀರಿ ಹೊಡೆದುಹೋಗಿರುತ್ತದೆ. ಹೊಡೆದುಹೋಗುವುದು ನೆಗೆಟಿವಿನ ತೆಳು ಭಾಗ, ಅಂದರೆ ನಮಗೆ ಬೇಕಾದ ಸೈಡ್ ವಿಂಗಿನ ಕತ್ತಲೆಯೇ. ಅಲ್ಲಿ ಚಿತ್ರ ಇರುವುದೇ ಕೂದಲೆಳೆಯಷ್ಟು. ಕೆಂಪು ಗ್ರಾಫ್ ಒಂದನ್ನೇ ನೋಡಿ ಬಲ ಅಂಚಿಗೆ ತಾಗುವ ಮುಂಚೆ ನಿಲ್ಲಿಸಬೇಕು.

ಕ್ಯಾಮೆರಾ ಸಂಸ್ಕರಿಸದೆ ಕೊಡುವ ರಾ ಫೈಲನ್ನು ಸಾಮಾನ್ಯ ಸಾಫ್ಟ್‌ವೇರಿನಲ್ಲಿ ತೆರೆದರೆ ಅದು ಪಕ್ಕದ ಹಸಿರು, ನೀಲಿ ಪಿಕ್ಸೆಲ್‌ಗಳ ಕಸವನ್ನು ಸೇರಿಸಿ ಕೆಂಪನ್ನು ಊಹಿಸುತ್ತದೆ. ನಾನು ಡಿಸಿರಾ ಎಂಬ ಹಳೆಯ ಉಚಿತ ಪ್ರೋಗ್ರಾಮಿನಲ್ಲಿ ಡಾಕ್ಯುಮೆಂಟ್ ಮೋಡ್ ಹಾಕಿ, ಊಹೆಯಿಲ್ಲದ ಪಿಕ್ಸೆಲ್ ತೆಗೆದು, ಕೆಂಪು ಮಾತ್ರ ಉಳಿಸಿಕೊಳ್ಳುತ್ತೇನೆ. ಸೆನ್ಸರಿನ ನಾಲ್ಕು ಪಿಕ್ಸೆಲ್‌ಗಳಲ್ಲಿ ಒಂದೇ ಕೆಂಪಿನದು, ಹಾಗಾಗಿ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 6. ಕ್ವಾರ್ಟರ್ ಪ್ಲೇಟಿಗೆ ಸಾಲದು. ಅದಕ್ಕೆ ನೆಗೆಟಿವನ್ನು ಸರಿಸುತ್ತ ನಾಲ್ಕು ತುಂಡು, ಹಾಫ್ ಪ್ಲೇಟಿಗೆ ಆರೋ ಎಂಟೋ ತುಂಡು ತೆಗೆದು ಜೋಡಿಸುತ್ತೇನೆ. ಸುರುಳಿ ಸುತ್ತಿದ ಫಿಲ್ಮನ್ನು ಗಾಜು ಒತ್ತದೆ ಚಪ್ಪಟೆ ಕೂರಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಕೈಯಿಂದ ಮಾಡಿಕೊಂಡದ್ದು, ಮಾಡಿಕೊಳ್ಳಲು ಬಹಳ ಕಾಲ ಹಿಡಿದಿದೆ.

ನೀಲಿಯ ವಿಷಯ ಹೊಳೆದದ್ದು ಆಮೇಲೆ, ಅದೂ ಪ್ಯಾನೆಲಿನ ಗುಂಡಿ ತಿರುಗಿಸುತ್ತಿದ್ದಾಗ. ಬ್ರೋಮೈಡ್ ಪೇಪರ್ ನೋಡುತ್ತಿದ್ದುದು ನೀಲಿಯನ್ನು ಎಂದ ಮೇಲೆ, ಅದೇ ನೆಗೆಟಿವನ್ನು ನೀಲಿ ಎಲ್‌ಇಡಿಯಲ್ಲಿ ತೆಗೆದರೆ ಬರುವುದು ರಿಟಚ್ ಮಾಡಿದವನು ಬಯಸಿದ ಚಿತ್ರ. ಬಿಳಿ ಬೆಳಕಿನಲ್ಲಿ ತೆಗೆದರೆ ಅದೂ ಅಲ್ಲ, ಇದೂ ಅಲ್ಲ. ನಡುವೆ ಎಲ್ಲೋ ಬೂದು. ಈಗ ನಾನು ಒಂದೊಂದು ನೆಗೆಟಿವಿನಿಂದಲೂ ಎರಡು ಚಿತ್ರ ತೆಗೆಯುತ್ತೇನೆ. ನೀಲಿಯದು ಊರ ಗೋಡೆಗೆ, ಹ್ಯಾಂಡ್‌ಬಿಲ್ಲಿಗೆ ಹೋದದ್ದು. ಕೆಂಪಿನದು ಕ್ಯಾಮೆರಾ ಆ ಹೊತ್ತು ನಿಜವಾಗಿ ಕಂಡದ್ದು. ಒಂದೇ ಸಾಕು ಎನ್ನುವವರ ಜೊತೆ ನಾನು ಒಪ್ಪುವುದಿಲ್ಲ. ನೀಲಿ ಇಲ್ಲದಿದ್ದರೆ ಆ ಕಾಲದ ಜನ ಏನು ನೋಡಿ ಟಿಕೆಟ್ ಕೊಂಡರು ಎಂಬುದು ತಿಳಿಯುವುದಿಲ್ಲ. ಪೆನ್ಸಿಲ್ ಗೀರು ಮಾತ್ರ ಎರಡರಲ್ಲೂ ಉಳಿಯುತ್ತದೆ, ಗ್ರಾಫೈಟ್ ಯಾವ ಬೆಳಕನ್ನೂ ಬಿಡುವುದಿಲ್ಲ. ಉಳಿಯಲಿ. ಅದನ್ನು ಕಂಪ್ಯೂಟರಿನಲ್ಲಿ ಅಳಿಸಿ ಮುಖ ನುಣ್ಣಗೆ ಮಾಡುವ ಈಗಿನ ಚಟ ನನಗೆ ಸೇರುವುದಿಲ್ಲ.

ಒಂದು ನೆಗೆಟಿವನ್ನು ಹತ್ತಿರದಿಂದ ಹೇಳುತ್ತೇನೆ. ಹಾಫ್ ಪ್ಲೇಟ್ ಶೀಟ್ ಫಿಲ್ಮ್, ಒಂದು ಮೂಲೆ ಸುಟ್ಟಂತೆ ಕಂದಾಗಿದೆ, ಮೂಗಿನ ಹತ್ತಿರ ತಂದರೆ ವಿನೆಗರ್ ವಾಸನೆ, ಫಿಲ್ಮ್ ಕೆಡುತ್ತಿರುವ ಗುರುತು. ನೀಲಿಯಲ್ಲಿ ಒಬ್ಬಳೇ ಹೆಂಗಸು, ಬಲಗೈ ಎದೆಯ ಮಟ್ಟಕ್ಕೆ, ಬಾಯಿ ಅರ್ಧ ತೆರೆದಿದೆ, ಸುತ್ತ ಅಚ್ಚ ಬಿಳಿ. ಕೆಂಪಿನಲ್ಲಿ ಅವಳ ಎಡಕ್ಕೆ ಲೆಗ್ ಹಾರ್ಮೋನಿಯಂ, ಅದರ ಹಿಂದೆ ಕರಿ ಟೋಪಿಯ ಪೇಟಿ ಮಾಸ್ತರು. ಎರಡೂ ಕೈ ಮನೆಗಳ ಮೇಲೆ. ಚಪ್ಪಲಿ ಪಕ್ಕಕ್ಕೆ ಬಿಟ್ಟು ಬರಿಗಾಲಲ್ಲಿ ಪೆಡಲ್ ತುಳಿಯುತ್ತಿದ್ದಾರೆ. ಅವರ ಬಾಯಿಯೂ ತೆರೆದಿದೆ, ಅವಳ ಬಾಯಿಯ ಅದೇ ಆಕಾರದಲ್ಲಿ. ಅವಳ ಜೊತೆ ಹಾಡುತ್ತಿದ್ದಾರೆ! ತಬಲಾದ ಡಗ್ಗಾದ ಮೇಲೆ ಒಂದು ಕೈ ಮಾತ್ರ ಕಾಣುತ್ತದೆ, ಕೈಯವನು ಫ್ರೇಮಿನ ಹೊರಗೆ. ಬಲಕ್ಕೆ ಕಾಡಿನ ಪರದೆ ಮುಗಿಯುವ ಕಡೆ ವಿಂಗಿನ ಸಂದಿಯಲ್ಲಿ ಮಾತು ನೆನಪಿಸುವ ಪ್ರಾಂಪ್ಟರ್, ಪುಸ್ತಕದ ಹಾಳೆಯ ನಡುವೆ ಬೆರಳಿಟ್ಟುಕೊಂಡು ಹಾಡು ಮುಗಿಯಲಿ ಎಂದು ಕಾಯುತ್ತಿರುವವನು. ಅವನ ಕಾಲ ಬಳಿ ವೇಷದ ಟ್ರಂಕು, ಟ್ರಂಕಿಗೆ ಒರಗಿ ಮಲಗಿದ ಒಂದು ಮಗು. ಇಷ್ಟೂ ಜನ ಅರವತ್ತು ವರ್ಷ ಆ ಕೆಂಪು ಬಣ್ಣದ ಹಿಂದೆ ಇದ್ದರು.

ಇನ್ನೊಂದು ನೆಗೆಟಿವ್ ರಂಗದ ಮೇಲಿನದಲ್ಲ, ಥಿಯೇಟರಿನ ತಗಡಿನ ಗೋಡೆಯ ಮುಂದೆ ಕಂಪನಿಯ ಮುಖ್ಯ ನಟರು ನಿಂತದ್ದು. ಲಕೋಟೆಯ ಮೇಲೆ ಇಸವಿ ಇಲ್ಲ. ಕೆಂಪಿನಲ್ಲಿ ತೆಗೆದಾಗ ಇಬ್ಬರ ಭುಜದ ನಡುವೆ ಟಿಕೆಟ್ ದರದ ಹಲಗೆ ಬಂತು. ಖುರ್ಚಿಯ ದರ ಒಬ್ಬರ ಪೇಟದ ಹಿಂದೆ ಮರೆಯಾಗಿದೆ, ನೆಲದ ದರದ ಮುಂದೆ ಮಾತ್ರ "ನ.ಪೈ." ಎಂದು ಸ್ಪಷ್ಟ. ನಯಾ ಪೈಸೆ ಬಂದದ್ದು 1957ರಲ್ಲಿ. 1964ರ ಜೂನಿನಲ್ಲಿ "ನಯಾ" ಬಿಟ್ಟು ಬರೀ ಪೈಸೆ ಆಯಿತು. ಹಳೆ ಹಲಗೆಯನ್ನು ಒಂದೆರಡು ವರ್ಷ ಹಾಗೇ ನಡೆಸಿರಬಹುದು ಎಂದು ಹಿಡಿದರೂ ಕಾಲ ಇಷ್ಟರೊಳಗೆ ಬಂತು. ಹೀಗೆ ಇಸವಿ ಹಿಡಿಯುವುದು ನನಗೆ ಈಗ ರೂಢಿಯಾಗಿದೆ. ಪಫ್ಪಿನ ಎತ್ತರ, ಪ್ಯಾಂಟಿನ ಕಾಲಿನ ಅಗಲ, ಪೆಟ್ರೋಮ್ಯಾಕ್ಸೋ ಕರೆಂಟೋ. ಫಿಲ್ಮ್ ಡಬ್ಬದ ಮೇಲೆ "ಇಂದು" ಎಂದಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದು, ಅಲ್ಲಿ ಉತ್ಪಾದನೆ ಶುರುವಾದದ್ದು 1967ರಲ್ಲಿ. ಆದರೆ ಸ್ಟುಡಿಯೋದವರು ಯಾವ ಡಬ್ಬದಲ್ಲಿ ಯಾವುದನ್ನಾದರೂ ತುಂಬುತ್ತಿದ್ದರು, ಡಬ್ಬ ಒಂದನ್ನೇ ನಂಬಬಾರದು. ಆರ್ಥೋ ಫಿಲ್ಮೋ, ಎಲ್ಲ ಬಣ್ಣವೂ ಕಾಣುವ ಪ್ಯಾಂಕ್ರೋ ಎಂಬುದು ಕುಂಕುಮ ನೋಡಿದರೆ ಗೊತ್ತಾಗುತ್ತದೆ. ಆರ್ಥೋಗೆ ಕೆಂಪು ಕಾಣುವುದಿಲ್ಲ, ಹಣೆಯ ಮೇಲೆ ಕಡುಕಪ್ಪು ಬೊಟ್ಟು, ತುಟಿಯೂ ಕಪ್ಪು.

ನಾನು ಇಷ್ಟು ಹೊತ್ತು ಹೇಳಿದ ಕೆಂಪು ಡೈಯ ಹೆಸರು ನಿಯೋ ಕಾಕ್ಸಿನ್. ಇದು ಪಾರದರ್ಶಕ, ಬೆಳಕಿಗೆ ಹಿಡಿದರೆ ರೋಸ್ ಶರಬತ್ತಿನ ಹಾಗೆ ಕೆಂಪಾಗಿ ಹೊಳೆಯುತ್ತದೆ. ಇದಕ್ಕೆ ನನ್ನ ವಿಧಾನ ನೂರಕ್ಕೆ ನೂರು ನಡೆಯುತ್ತದೆ. ಇನ್ನೊಂದು ಜಾತಿ ಇದೆ, ಓಪೇಕ್ ಎಂಬ ದಪ್ಪ ಪೇಂಟು. ಕೈಯಲ್ಲಿ ನೋಡಿದರೆ ಅದೂ ಕೆಂಪೇ, ಬೆಳಕಿಗೆ ಹಿಡಿದರೆ ಕಪ್ಪು. ಅದಕ್ಕೆ ಕೆಂಪು ಬೆಳಕು ಹಾಯುವುದಿಲ್ಲ. ನನ್ನ ಚೀಲದಲ್ಲಿ ಬ್ಲಾಕಿಗೆಂದು ತಯಾರಾದವುಗಳಲ್ಲಿ ಮೂರರಲ್ಲಿ ಒಂದು ಭಾಗ ಓಪೇಕಿನವು ಇರಬಹುದು. ಬಲ್ಲವರಿಗೆ ಕಿಟಕಿಯ ಬೆಳಕೊಂದೇ ಪರೀಕ್ಷೆ ಸಾಕು, ಕಿಟ್ಟು ಪಟ್ಟು ಬೇಡ.

ನಡುನಡುವೆ ಬೇರೆ ಹುಚ್ಚೂ ಮಾಡಿದೆ. ಡೈ ಇರುವ ಗಾಜಿನ ನೆಗೆಟಿವ್ ಒಂದನ್ನು ಬಿಸಿಲಿನಿಂದ ನೀಲಿ ಪ್ರಿಂಟ್ ಮೂಡುವ ಸಯನೋಟೈಪ್ ಕಾಗದದ ಮೇಲೆ ಇಟ್ಟು ಬಿಸಿಲಿಗೆ ಹಿಡಿದೆ. ಅದಕ್ಕೂ ನೀಲಿ ಮತ್ತು ನೇರಳಾತೀತವೇ ಬೇಕು, ಹಾಗಾಗಿ ರಿಟಚ್ ಮಾಡಿದವನ ಚಿತ್ರವೇ ನೀಲಿ ಮಸಿಯಲ್ಲಿ ಬಂತು, ಬಹಳ ಚೆಂದ ಬಂತು. ಹಬ್ಬಕ್ಕೆ ಅಂಥ ಹತ್ತಿಪ್ಪತ್ತು ಪ್ರಿಂಟ್ ಮಾಡಿ ಮಾರಿದೆ, ಒಂದಕ್ಕೆ ನಾನೂರು. ಪ್ಯಾನೆಲಿನ ದುಡ್ಡು ಅಲ್ಲಿಗೇ ಹುಟ್ಟಿತು. ಗುಜರಿಯಲ್ಲಿ ಸಿಕ್ಕ ಹಳೆ "ಇಂದು" ಬ್ರೋಮೈಡ್ ಪೇಪರಿನ ಒಂದು ಪ್ಯಾಕೆಟ್ ಬಿಚ್ಚಿ ಪ್ರಿಂಟ್ ಹಾಕಿ ನೋಡಿದೆ. ಪೂರಾ ಮಬ್ಬು, ಮಬ್ಬು ತಡೆಯುವ ಬೆಂಜೋಟ್ರಯಾಜೋಲ್ ಹಾಕಿದರೂ ಎದ್ದೇಳಲಿಲ್ಲ. ಪ್ರೇಕ್ಷಕರು ತೆಗೆದ ಆಗ್ಫಾ ಕ್ಲಿಕ್ 3ರ 6×6 ನೆಗೆಟಿವ್‌ಗಳನ್ನೂ ಒಂದಿಷ್ಟು ಕೂಡಿಸಿದೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಆ ಡಬ್ಬಾ ಕ್ಯಾಮೆರಾ ಆಗಿನ ಮಧ್ಯಮ ವರ್ಗದ ಮನೆಗಳಲ್ಲಿ ಬಹಳ ಓಡಿತು. ಅವು ರಿಟಚ್ ಕಾಣದ ಚಿತ್ರಗಳು, ಆದರೆ ರಾತ್ರಿಯ ರಂಗದ ಮುಂದೆ ಆ ಲೆನ್ಸಿಗೆ ಶಕ್ತಿ ಸಾಲದು. ಹಗಲಿನಲ್ಲಿ ಕ್ಯಾಂಪಿನ ಹೊರಗೆ ಕಲಾವಿದರು ಚಹಾ ಕುಡಿಯುತ್ತ ಕುಳಿತ ಕೆಲವು ಚಿತ್ರ ಮಾತ್ರ ಉಪಯೋಗಕ್ಕೆ ಬಂದವು.

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಈಗಲೂ ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಠಾಣ್ಯ ಹೂಡುತ್ತವೆ. ಅಲ್ಲೊಬ್ಬ ಕಂಪನಿ ಮಾಲಕರನ್ನು ಕೇಳಿಕೊಂಡು ಅವರ ಬುಕಿಂಗ್ ಪಕ್ಕದ ತಗಡಿನ ಗೋಡೆಗೆ ನೀಲಿ, ಕೆಂಪು ಚಿತ್ರಗಳನ್ನು ಜೋಡಿಜೋಡಿಯಾಗಿ ಕಟ್ಟಿದೆ. ಪ್ರಿಂಟು, ಫ್ರೇಮು, ಸಾಗಣೆ ಸೇರಿ ಹನ್ನೆರಡು ಸಾವಿರದವರೆಗೆ ಹೋಯಿತು, ತಿರುಗಿ ಬಂದದ್ದು ಏನಿಲ್ಲ. ಜನ ನಿಂತು ನೋಡಿದರು. ವಯಸ್ಸಾದ ಕಲಾವಿದೆಯೊಬ್ಬರು ಮೊಮ್ಮಗನ ಕೈ ಹಿಡಿದು ಬಂದವರು ಆ ಹಾಫ್ ಪ್ಲೇಟಿನ ಮುಂದೆ ನಿಂತರು. ನೀಲಿಯನ್ನು ನೋಡಲೇ ಇಲ್ಲ, ನೇರ ಕೆಂಪಿನ ಚಿತ್ರಕ್ಕೆ ಬೆರಳಿಟ್ಟರು.

"ಇಂವ ನಮ್ಮ ಮಾಸ್ತರ. ಇದು ಯಾರ ಕೊಟ್ರೋ ತಮ್ಮಾ ನಿನಗ?"

"ಗುಜರಿಯೊಳಗ ಸಿಕ್ತರೀ ಅವ್ವಾರ. ಲಕೋಟಿ ಮ್ಯಾಲ ನಾಯಕಿ ಅಂತ ಬರದಾರ, ಹೆಸರಿಲ್ಲ."

"ನಾಯಕಿ ಅಲ್ಲ ಆಕಿ. ಸಖಿ ಪಾರ್ಟಿನಾಕಿ. ನಾಯಕಿಗೆ ಜ್ವರಾ ಬಂದಿತ್ತು, ಅವತ್ತೊಂದ ದಿನಾ ಆಕಿ ಹಾಡಿದ್ಳು. ದನಿ ನಡಗತಿತ್ತು, ಅದಕ್ಕ ಮಾಸ್ತರೂ ಬಾಯಿ ಕೂಡಿಸಿದ್ರು, ನೋಡು."

ಆಮೇಲೆ ಅವರು ಆ ಹಾಡಿನ ಎರಡು ಸಾಲು ಹೇಳಿದರು. ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇನೆ. ಮಗು ಯಾರದು ಎಂದು ಕೇಳಿದ್ದಕ್ಕೆ "ಎಲ್ಲಾರದೂ" ಎಂದು ನಕ್ಕರು. ಪ್ರಿಂಟನ್ನು ಅವರಿಗೇ ಕೊಟ್ಟೆ. ಬಾಯಿ ಏಕೆ ತೆರೆದಿದೆ ಎಂಬುದು ಬಣ್ಣ ಬಳಿದ ನೀಲಿ ಚಿತ್ರ ಒಂದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ವಿಧಾನ ನಡೆಯುವುದಿಲ್ಲ ಎಂದ ಆ ಹಿರಿಯ ಫೋಟೋಗ್ರಾಫರು ಆ ದಿನ ಅಲ್ಲೇ ಇದ್ದರು. ಅವರಿಗೆ ಎರಡು ಪ್ರಿಂಟ್ ಕೊಟ್ಟದ್ದು ಅದೇ ಹೊತ್ತಿನಲ್ಲಿ.

ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ಕ್ಯಾಮೆರಾ ಬಾಡಿ ಮೊದಲೇ ಇತ್ತು, ಅದನ್ನು ಬಿಟ್ಟರೆ ಲೆನ್ಸು, ಪ್ಯಾನೆಲು, ಕಂಬ, ಅಕ್ರಿಲಿಕ್ಕು ಎಲ್ಲ ಕೂಡಿ ಹದಿನೈದು ಸಾವಿರದ ಒಳಗೆ ಮುಗಿಯುತ್ತದೆ. ಲ್ಯಾಬಿಗೆ ಸುರಿದದ್ದು, ಸ್ಕ್ಯಾನರಿನಲ್ಲಿ ಕಳೆದದ್ದು ಸೇರಿಸಿದರೆ ಅದರ ಎರಡು ಪಟ್ಟು. ನೀವು ನೇರ ಇಲ್ಲಿಂದ ಶುರು ಮಾಡಿದರೆ ಅಷ್ಟು ಉಳಿಯುತ್ತದೆ. ಮನೆಯಲ್ಲಿ ಇಂಥ ನೆಗೆಟಿವ್ ಇದ್ದವರು ಒರೆಸಬೇಡಿ, ಸ್ಪಿರಿಟ್ ಹಚ್ಚಬೇಡಿ, ಬ್ಲೋವರ್ ಮತ್ತು ಮೆತ್ತನೆ ಬ್ರಷ್ ಮಾತ್ರ. ವಿನೆಗರ್ ವಾಸನೆ ಬಂದವನ್ನು ಮೊದಲು ಕಾಪಿ ಮಾಡಿ, ಅವು ಕಾಯುವುದಿಲ್ಲ.

ಈಗ ಕೈಯಲ್ಲಿರುವುದು ಓಪೇಕ್ ಬಳಿದವು. ಹಳೆ ಕ್ಯಾಮೆರಾ ಬಾಡಿಯೊಂದರ ಒಳಗಿನ, ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ತೆಗೆಸಿ, ಸಿಸಿಟಿವಿಗೆ ಹಾಕುವ 850 ನ್ಯಾನೋಮೀಟರ್ ಎಲ್‌ಇಡಿ ದೀಪವನ್ನು ಅಕ್ರಿಲಿಕ್ ಕೆಳಗೆ ಇಟ್ಟಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರುನೂರಕ್ಕೆ ಸಿಕ್ಕಿತು. ಬೆಳ್ಳಿಯ ಚಿತ್ರ ಇನ್‌ಫ್ರಾರೆಡ್‌ನಲ್ಲೂ ಹಾಗೇ ನಿಲ್ಲುತ್ತದೆ. ಪೇಂಟು ತೆಳುವಾಗಿರುವ ಅಂಚಿನಲ್ಲಿ ಬೆಳಕು ಹಾಯುತ್ತಿದೆ, ಒಂದು ನೆಗೆಟಿವಿನಲ್ಲಿ ಝಾಲರಿನ ಗೊಂಡೆ, ಅದರ ಕೆಳಗೆ ಯಾರದೋ ಮೊಣಕೈ ಇಷ್ಟರವರೆಗೆ ಬಂದಿದೆ. ದಪ್ಪಗೆ ಬಳಿದಲ್ಲಿ ಇನ್ನೂ ಏನಿಲ್ಲ. 940 ನ್ಯಾನೋಮೀಟರ್ ಎಲ್‌ಇಡಿಯಲ್ಲಿ ನನ್ನ ಕ್ಯಾಮೆರಾಕ್ಕೆ ಬಹಳ ಮಂಕು, ಅರ್ಧ ನಿಮಿಷ ತೆರೆದರೂ ಚಿತ್ರಕ್ಕಿಂತ ಚುಕ್ಕಿಗಳ ಗದ್ದಲವೇ ಹೆಚ್ಚು. ಆ ಬೆಳಕಿಗೆ ಚೆನ್ನಾಗಿ ಕಾಣುವ ಕ್ಯಾಮೆರಾ ಯಾರ ಹತ್ತಿರವಾದರೂ ಇದ್ದರೆ ನೆಗೆಟಿವ್ ನಾನು ತರುತ್ತೇನೆ, ಒಂದು ರಾತ್ರಿ ಕೂಡಿ ಕೂರೋಣ.